ದಿನಾ ಮುಂದೆ ಬಂದು ಕೂರುತ್ತಿದ್ದ ಪೆಡಲ್

ನಗಬೇಡಿ. ಮೊದ್ಲೇ ಹೇಳಿಬಿಡ್ತೀನಿ, ಮಧ್ಯದಲ್ಲಿ ಯಾರಾದ್ರೂ ಕಿಸಕ್ ಅಂದ್ರೆ ಎದ್ದು ಹೋಗಿ ಮಲಗಿಬಿಡ್ತೀನಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಚಿಕ್ಕ ಮಗನಿಗೆ ಆಗಿದ್ದು. ಮೊಂಡ ಅಂತೀವಲ್ಲ, ಅವನಿಗೇ. ಅರ್ಧಕ್ಕರ್ಧ ನಾನೇ ಪಕ್ಕದಲ್ಲಿದ್ದು ನೋಡಿದ್ದು.

ಅವತ್ತು ನಮ್ಮ ಬ್ಯಾಂಡಿನ ಪ್ರೋಗ್ರಾಂ ಮುಗಿಸ್ಕೊಂಡು ನಾನೂ ಅವನೂ ನಡ್ಕೊಂಡು ಬರ್ತಿದ್ವಿ. ಕೊನೇ ಬಸ್ಸು ಹೋಗಿಬಿಟ್ಟಿತ್ತು. ಹೆಂಚಿನ ಕಾರ್ಖಾನೆ ಹಿಂದೆ ಒಂದು ಪಾಳು ಬಾವಿ ಇದೆ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದಾರೆ. ಅಲ್ಲಿ ಬೀದಿದೀಪ ಇಲ್ಲ. ಅವನ ಬೆನ್ನ ಮೇಲೆ ಪೆಡಲ್ ಬೋರ್ಡಿನ ಚೀಲ. ನನ್ನ ಕೈಲಿ ಡ್ರಮ್ಸ್ ಬಾರಿಸೋ ಕೋಲು. ಇಬ್ರಿಗೂ ಸುಸ್ತು. ಬಾವಿ ದಾಟ್ತಿದ್ದ ಹಾಗೆ...

ಚರ್ರ್ರ್...

ನಿಂತುಬಿಟ್ವಿ.

"ಚೀಲ ಹರೀತೇನೋ?" ಪಿಸುಗುಟ್ಟಿದೆ.

"ಇಲ್ಲ."

"ಮತ್ತೆ ಏನದು?"

"ಒಳಗಿಂದ... ಯಾರೋ ಕೀಳ್ತಿದಾರೆ."

ಮತ್ತೆ ಬಂತು. ಚರ್ರ್ರ್... ನಿಧಾನಕ್ಕೆ. ಆಮೇಲೆ ಏನೋ ಜರುಗಿದ ಸದ್ದು. ಆಮೇಲೆ ಒತ್ತಿ ಅಂಟಿಸಿದ ಹಾಗೆ, ಪಟ್. ಆಮೇಲೆ ಕಾಲಲ್ಲಿ ಸ್ವಿಚ್ ತುಳಿದ ಹಾಗೆ, ಟಕ್. ಮೊಂಡನ ಬೆನ್ನ ಮೇಲಿರೋ ಚೀಲದಲ್ಲಿ, ಜಿಪ್ ಹಾಕಿರೋ ಚೀಲದಲ್ಲಿ! ಆಮೇಲೆ ನಾವು ಮನೆ ತಂಕ ನಡೀಲಿಲ್ಲ ಬಿಡಿ, ಓಡಿದ್ವಿ.

ನಿಮಗೆ ಪೆಡಲ್ ಬೋರ್ಡ್ ಅಂದ್ರೆ ಗೊತ್ತಿಲ್ಲ ಅಲ್ವಾ? ಒಂದು ಹಲಗೆ. ಅದರ ಮೇಲೆ ಪುಟ್ಟ ಪುಟ್ಟ ತಗಡಿನ ಡಬ್ಬಿಗಳು, ಕಾಲಲ್ಲಿ ತುಳಿಯೋವು. ಚಪ್ಪಲಿ ಪಟ್ಟಿಗೆ ಇರುತ್ತಲ್ಲ ವೆಲ್ಕ್ರೋ, ಅದ್ರಲ್ಲಿ ಹಲಗೆಗೆ ಅಂಟಿಸಿರ್ತಾರೆ. ಗಿಟಾರಿನ ವೈರು ಮೊದಲ್ನೇ ಡಬ್ಬಿಗೆ ಹೋಗುತ್ತೆ, ಅಲ್ಲಿಂದ ಎರಡನೇದಕ್ಕೆ, ಹೀಗೆ ಕೊನೇದ್ರಿಂದ ಆಂಪಿಗೆ, ಅಂದ್ರೆ ಸದ್ದು ಜೋರು ಮಾಡೋ ಪೆಟ್ಟಿಗೆಗೆ. ಒಂದು ಸ್ವರಾನ ಒರಟು ಮಾಡುತ್ತೆ, ಇನ್ನೊಂದು ಪ್ರತಿಧ್ವನಿ ಕೊಡುತ್ತೆ. ಯಾವುದು ಮುಂದೆ ಯಾವುದು ಹಿಂದೆ ಅನ್ನೋದ್ರಲ್ಲೇ ಇರೋದು ಎಲ್ಲಾ. ಬಟ್ಟೆ ಬಿಚ್ಚಿ ಸ್ನಾನ ಮಾಡೋದಕ್ಕೂ ಸ್ನಾನ ಮಾಡಿ ಬಟ್ಟೆ ಬಿಚ್ಚೋದಕ್ಕೂ ವ್ಯತ್ಯಾಸ ಇಲ್ವಾ, ಹಾಗೆ. ಅದ್ರಲ್ಲಿ ಗೇಟ್ ಅಂತ ಒಂದು ಪೆಡಲ್. ಬೂದು ಬಣ್ಣದ್ದು. ಅದು ಹಾಡೋ ಪೆಡಲ್ ಅಲ್ಲ, ಬಾಯಿ ಮುಚ್ಚಿಸೋ ಪೆಡಲ್. ನುಡಿಸದೆ ಸುಮ್ನಿದ್ದಾಗ ವೈರಲ್ಲಿ ಗುಂಯ್ ಅಂತ ಬರುತ್ತಲ್ಲ, ಅದನ್ನ ಬಾಗಿಲು ಹಾಕಿ ತಡೆಯುತ್ತೆ. ಕೊನೇಲಿಟ್ರೆ ಎಲ್ಲಾ ಗುಂಯ್ಯೂ ಬಂದ್. ಮೊದ್ಲಿಟ್ರೆ ಆಮೇಲಿನ ಡಬ್ಬಿಗಳಲ್ಲಿ ಹುಟ್ಟೋ ಗುಂಯ್ ಹಾಗೇ ಹೊರಗೆ ಕೇಳ್ಸುತ್ತೆ.

ಈ ಬೋರ್ಡು ಮೊಂಡಂದಲ್ಲ. ಅವನ ಅಣ್ಣಂದು. ಅಣ್ಣ ಸ್ಟೇಜ್ ಮೇಲೇ ಹೋದ.

ಇರಿ, ನೀರು ಕುಡೀತೀನಿ. ಇದನ್ನ ಹೇಳೋವಾಗೆಲ್ಲ ನಂಗೆ ಮೈ ಉರಿಯುತ್ತೆ.

ನಮ್ಮ ಬ್ಯಾಂಡಿಗೊಬ್ಬ ಯಜಮಾನ್ರು. ರಿಹರ್ಸಲ್ ಹಾಲೂ ಅವರದ್ದೇ, ಆಂಪೂ ಅವರದ್ದೇ, ಕೀಬೋರ್ಡ್ ಮುಂದೆ ನಿಂತು ಹಾಡೋದೂ ಅವರೇ. ಅಣ್ಣ ದಿನಾ ಜಗಳ ಆಡ್ತಿದ್ದ. "ಯಜಮಾನ್ರೇ, ಆಂಪು ಗುಂಯ್ ಅಂತಿದೆ, ತಂತಿ ಮುಟ್ಟಿದ್ರೆ ಬೆರಳು ಜುಂ ಅನ್ನುತ್ತೆ. ಅರ್ಥಿಂಗ್ ಇಲ್ಲ ಇದಕ್ಕೆ. ಬೆಂಕಿ ಇಲ್ದೆ ಹೊಗೆ ಆಡಲ್ಲ. ಸರಿ ಮಾಡ್ಸಿ." ಮಾಡ್ಸಿದ್ರಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ. ಈ ಮಹಾನುಭಾವ ಗೇಟ್ ಪೆಡಲ್ ತಂದು ತಾನೇ ಬೋರ್ಡಿನ ಕೊನೇಲಿ ಅಂಟಿಸಿದ. "ನೋಡಪ್ಪಾ, ಸದ್ದೇ ಹೋಯ್ತು. ಇನ್ನೇನು ನಿಂದು?" ಅಣ್ಣ ಕಿತ್ತು ಮುಂದೆ ಇಡೋನು, ಎಲ್ರಿಗೂ ಕೇಳಿಸ್ಲಿ ಅಂತ. ಇವರು ಕಿತ್ತು ಹಿಂದೆ ಇಡೋರು. ಚರ್ರ್, ಪಟ್. ಚರ್ರ್, ಪಟ್. ನಾವೆಲ್ಲ ತಮಾಷೆ ಮಾಡ್ತಿದ್ವಿ, ಅತ್ತೆ ಸೊಸೆ ಒಲೆ ಮುಂದೆ ಕಿತ್ತಾಡ್ತಿದಾರೆ ಅಂತ.

ಅಣ್ಣ ಹೋದ ದಿನ ಗೇಟು ಕೊನೇಲಿತ್ತು. ಸ್ಟೇಜು ನಿಶ್ಶಬ್ದ. ತನ್ನ ಸಾಲು ಹಾಡೋಕೆ ಮುಂದೆ ಬಂದ. ಎಡಗೈ ತಂತಿ ಮೇಲೆ. ತುಟಿ ಮೈಕಿಗೆ ತಾಗ್ತು... ಸ್ಪೀಕರಲ್ಲಿ ಟಪ್ ಅಂತ ಒಂದು ಸದ್ದು. ಅಷ್ಟೇ. ಗಿಟಾರ್ ಸಮೇತ ಕೆಳಗೆ ಬಿದ್ದ.

"ಹಾರ್ಟು," ಅಂದ್ರು ಯಜಮಾನ್ರು. "ಪಾಪ, ಚಿಕ್ಕ ವಯಸ್ಸು, ಹಾರ್ಟು." ಡಾಕ್ಟ್ರೂ ಹೃದಯ ನಿಂತು ಸಾವು ಅಂದ್ರು. ಯಾರದ್ದು ನಿಲ್ಲಲ್ಲ ಹೇಳಿ! ಸಾಯೋವಾಗ ಎಲ್ರ ಹೃದಯಾನೂ ನಿಂತೇ ನಿಲ್ಲುತ್ತೆ. ಆದ್ರೆ ದೊಡ್ಡಮ್ಮ ನಂಬಿದ್ರು. ನಾವೂ ನಂಬಿದ್ವಿ.

ಸ್ವಲ್ಪ ದಿನ ಆದ್ಮೇಲೆ ಯಜಮಾನ್ರು ಮೊಂಡನ್ನ ಕರೆಸಿದ್ರು. "ಅಣ್ಣನ ಜಾಗ ಖಾಲಿ ಬಿಡಬೇಡಪ್ಪ, ನೀನೇ ನುಡಿಸು." ಅವನಿಗೂ ಆಸೆ. ಹಗಲು ಬೀಗ ರಿಪೇರಿ ಅಂಗಡೀಲಿ ಕೂತ್ರೂ ಬೆರಳು ಗಿಟಾರಿನ ಹಾಗೇ ಆಡ್ತಿರ್ತಿತ್ತು. ಅಣ್ಣನ ಬೋರ್ಡು ತಗೊಂಡ. ಗೇಟು ಕೊನೇಲಿಟ್ಟ, ಪುಸ್ತಕದಲ್ಲಿ ಹೇಳೋ ಹಾಗೆ, ಯಜಮಾನ್ರು ಹೇಳೋ ಹಾಗೆ.

ಬೆಳಿಗ್ಗೆ ಎದ್ರೆ ಗೇಟು ಮೊದಲ್ನೇ ಜಾಗದಲ್ಲಿ. ವೈರೆಲ್ಲ ಅದಕ್ಕೆ ತಕ್ಕ ಹಾಗೆ ಬದ್ಲಾಯಿಸಿ ಅಚ್ಚುಕಟ್ಟಾಗಿ ಸಿಕ್ಕಿಸಿತ್ತು.

ಮೊದ್ಲು ದೊಡ್ಡಮ್ಮನ ಮೇಲೆ ರೇಗಿದ. ಆಮೇಲೆ ನನ್ನ ಮೇಲೆ. ತಿರುಗಿ ಹಿಂದಿಟ್ಟ. ಮಾರನೇ ದಿನ ತಿರುಗಿ ಮುಂದೆ. ಆ ಬಾವಿ ಹತ್ರ ಕೇಳಿದ್ದು ಇದೇ ದಿನಗಳಲ್ಲೇ. ಅವತ್ತು ಮನೆಗೆ ಓಡಿಬಂದು ಜಿಪ್ ತೆಗೆದು ನೋಡಿದ್ರೆ... ಬೂದು ಡಬ್ಬಿ ಮುಂದೆ ಬಂದು ಕೂತಿತ್ತು.

ಮೊಂಡ ಯಜಮಾನ್ರಿಗೆ ಹೇಳಿದ. ಆ ಮನುಷ್ಯನ ಮುಖ ಒಂದು ಗಳಿಗೆ ಬಿಳುಚ್ಕೊಂಡಿತು. ಆಮೇಲೆ ಹೆಗಲ ಮೇಲೆ ಕೈ ಹಾಕಿ ಏನು ಹೇಳಿದ್ರು ಗೊತ್ತಾ? "ನಿಮ್ಮಣ್ಣನಿಗೆ ಹೊಟ್ಟೆಕಿಚ್ಚು ಕಣಪ್ಪ. ತನ್ನ ಜಾಗದಲ್ಲಿ ನೀನು ನಿಂತಿದ್ದು ಸಹಿಸಕ್ಕಾಗ್ತಿಲ್ಲ. ಕಿವಿಗೆ ಹಾಕ್ಕೋಬೇಡ." ಹೀಗಂದ ನಾಲಿಗೆಗೆ ಹುಳ ಬೀಳ!

ಮೊಂಡ ನಂಬಿಬಿಟ್ಟ. ಅಣ್ಣನ ಮೇಲೆ ಎಂಥಾ ಸಿಟ್ಟು ಬಂತು ಅವನಿಗೆ! ಖಾಲಿ ಕೋಣೇಲಿ ನಿಂತು ಕಿರುಚಾಡ್ದ, "ಇದ್ದಾಗ್ಲೂ ಬುದ್ಧಿ ಹೇಳ್ದೆ, ಸತ್ತ ಮೇಲೂ ಹೇಳ್ತೀಯಾ? ನಾನು ಚೆನ್ನಾಗಿರೋದು ನಿಂಗೆ ಬೇಡ್ವಾ? ಹೊಟ್ಟೆಕಿಚ್ಚಾ ನಿಂಗೆ?" ಅಂಗಡಿಯಿಂದ ಕಬ್ಬಿಣದ ಪಟ್ಟಿ ತಂದು, ಗೇಟಿನ ಮೇಲೆ ಅಡ್ಡ ಹಾಕಿ, ಹಲಗೆಗೆ ಸ್ಕ್ರೂ ಬಿಗಿದ. ಕೊನೇ ಜಾಗದಲ್ಲೇ. ಬೀಗದೋನ ಕೈ ಅದು, ಬಿಗಿದ್ರೆ ಬಿಗಿದ ಹಾಗೆ. "ಈಗ ಕೀಳು ನೋಡೋಣ," ಅಂದ.

ಬೆಳಿಗ್ಗೆ ಸ್ಕ್ರೂಗಳೆಲ್ಲ ಕಿಟಕಿ ಮೇಲೆ ಸಾಲಾಗಿದ್ವು. ಪಟ್ಟಿ ಗೋಡೆಗೆ ಒರಗಿಸಿಟ್ಟಿತ್ತು. ಗೇಟು ಮುಂದೆ.

ಅವನು ಬೋರ್ಡು ಎತ್ತಿ ಕಿಟಕಿಯಿಂದ ಎಸೀಬೇಕು, ಅಷ್ಟರಲ್ಲಿ ದೊಡ್ಡಮ್ಮ ಬಂದು ಕೈ ಹಿಡಿದ್ರು. "ಏನೋ ಅಂದೆ? ಹೊಟ್ಟೆಕಿಚ್ಚಾ? ನಿಂಗೆ ಕಾಲು ಸುಡುತ್ತೆ ಅಂತ ತನ್ನ ಚಪ್ಪಲಿ ಬಿಚ್ಚಿ ಕೊಟ್ಟು ಬರಿಗಾಲಲ್ಲಿ ಸ್ಕೂಲಿಗೆ ಹೋದೋನು ಕಣೋ ಅವನು. ಅವನಿಗೆ ಹೊಟ್ಟೆಕಿಚ್ಚಂತೆ! ಅವನಿಟ್ಟ ಹಾಗೇ ಇರ್ಲಿ ಇವತ್ತು. ಏನು ಹೇಳ್ತಾನೆ ಅಂತ ಕೇಳಾದ್ರೂ ಕೇಳು."

ಅವತ್ತು ಮಧ್ಯಾಹ್ನ ಹಾಲಲ್ಲಿ ರಿಹರ್ಸಲ್. ಸುಡು ಸುಡು ಬಿಸಿಲು ಕಿಟಕೀಲಿ. ದೆವ್ವ ಕತ್ತಲಲ್ಲೇ ಬರ್ಬೇಕು ಅಂತ ಯಾರು ನಿಮಗೆ ಹೇಳಿದ್ದು? ಮೊಂಡ ಬೋರ್ಡು ಬಿಚ್ಚಿಟ್ಟ, ಗೇಟು ಮುಂದೇ ಇತ್ತು. ಆಂಪ್ ಹಾಕಿದ.

ಗುಂಯ್ಯ್ಯ್...

ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. ಇಷ್ಟು ದಿನ ಅದು ಇತ್ತು, ನಮಗೆ ಕೇಳಿಸ್ತಿರ್ಲಿಲ್ಲ ಅಷ್ಟೇ. ಮೊಂಡ ತನ್ನ ಸಾಲು ಹಾಡೋಕೆ ಮೈಕಿನ ಕಡೆ ಬಗ್ಗಿದ... ಮುಖ ಹತ್ರ ಹೋದಷ್ಟೂ ಗುಂಯ್ ಜೋರಾಯ್ತು. ದೂರ ಬಂದ್ರೆ ಇಳೀತು. ಮತ್ತೆ ಬಗ್ಗಿದ. ಮತ್ತೆ ಜೋರು, ಕಿವಿ ಒಡೆಯೋ ಹಾಗೆ. ಅವನು ಅಲ್ಲೇ ಕಲ್ಲಾಗಿ ನಿಂತ. ನನ್ನ ಕೈಯಿಂದ ಕೋಲು ಬಿತ್ತು. ಅಣ್ಣ ದಿನಾ ಬಾಯಿ ಬಡ್ಕೊಂಡಿದ್ದು ಆಗ ತಲೆಗೆ ಹೋಯ್ತು ನಂಗೆ: ಆಂಪಿನ ಕರೆಂಟು ತಂತೀಲಿ ಹರೀತಿದೆ, ಕೈ ತಂತಿ ಮೇಲಿದ್ದು ತುಟಿ ಮೈಕಿಗೆ ತಾಗಿದ್ರೆ ಮೈಯೊಳಗೇ ಹಾದುಹೋಗುತ್ತೆ.

"ಏನೋ ಅದು ಕರ್ಕಶ!" ಯಜಮಾನ್ರು ಧಾವಿಸಿ ಬಂದು ಗೇಟ್ ಕೀಳೋಕೆ ಬಗ್ಗಿದ್ರು. ಮೊಂಡ ಅವರ ರಟ್ಟೆ ಹಿಡ್ಕೊಂಡ.

"ಮುಟ್ಬೇಡಿ."

"ಬಿಡೋ ಕೈ."

"ಮೊಂಡಾ, ತಂತಿಯಿಂದ ಕೈ ತೆಗಿ!" ನಾನು ಕಿರುಚಿದೆ. "ಗಿಟಾರ್ ಕೆಳಗಿಡು. ಮೈಕ್ ಹತ್ರ ಹೋಗ್ಬೇಡ!"

ಅವನು ಗಿಟಾರ್ ಇಳಿಸಿ ಸ್ಟ್ಯಾಂಡಿಗೆ ಒರಗಿಸಿದ. ನಾನು ಎದುರು ಬೀದೀಲಿ ಕರೆಂಟ್ ವೈರಿಂಗ್ ಕೆಲಸ ಮಾಡೋ ಅಕ್ಕನ್ನ ಕರ್ಕೊಂಡು ಬಂದೆ. ಅವಳು ಬಂದೋಳೇ ಟೆಸ್ಟರ್ ತೆಗೆದು ಗಿಟಾರಿನ ತಂತಿಗೆ ಇಟ್ಲು. ಭಗ್ ಅಂತ ದೀಪ ಹತ್ತಿತು. ಆಂಪಿನ ಪ್ಲಗ್ ಕಿತ್ತು ಕೈಲಿ ಹಿಡಿದು ನೋಡಿದ್ಲು. ಪ್ಲಗ್ಗಿಗೆ ಮೂರು ಕಾಲಿರ್ಬೇಕು. ದಪ್ಪ ಕಾಲು, ಸೋರೋ ಕರೆಂಟನ್ನ ನೆಲಕ್ಕಿಳಿಸೋ ಅರ್ಥಿಂಗ್ ಕಾಲು, ಇರ್ಲಿಲ್ಲ. ಗರಗಸದಲ್ಲಿ ಕುಯ್ದ ಗುರುತು.

"ಯಾವ ಪುಣ್ಯಾತ್ಮ ಇದನ್ನ ಕತ್ತರಿಸಿದ್ದು?" ಅಂದ್ಲು.

"ನಾನೇನು ಕತ್ತರಿಸಿಲ್ಲ," ಅಂದ್ರು ಯಜಮಾನ್ರು. ಅವರನ್ನ ಯಾರೂ ಕೇಳಿರ್ಲಿಲ್ಲ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರು. ಆಮೇಲೆ ತೊದಲಿದ್ರು, "ಗೋಡೇಲಿರೋದು ಹಳೇ ಸ್ವಿಚ್ ಬೋರ್ಡು, ಎರಡೇ ತೂತು, ಮೂರು ಕಾಲಿಂದು ಹೋಗಲ್ಲ... ಎಲ್ರೂ ಹಾಗೇ ಮಾಡೋದು..."

ಮೊಂಡ ಅಮ್ಮನಿಗೆ ಫೋನ್ ಮಾಡಿದ್ದ. ದೊಡ್ಡಮ್ಮ ಅಷ್ಟರಲ್ಲಿ ಬಾಗಿಲಲ್ಲಿದ್ರು. ಕೈಲಿ ಒಗೆಯೋ ಸೋಪಿನ ನೊರೆ ಹಾಗೇ ಇತ್ತು. ವೈರಿಂಗ್ ಅಕ್ಕ ಪ್ಲಗ್ ಎತ್ತಿ ತೋರಿಸಿ ಎರಡೇ ಮಾತಲ್ಲಿ ಹೇಳಿದ್ಲು. ನಂಗೂ ತಡೆಯೋಕಾಗ್ಲಿಲ್ಲ. "ದೊಡ್ಡಮ್ಮ, ಅವತ್ತು ಅಣ್ಣ ಬಿದ್ದಾಗ ಇವರು ಮೊದ್ಲು ಓಡಿದ್ದು ಅಣ್ಣನ ಹತ್ರ ಅಲ್ಲ. ಪ್ಲಗ್ ಕೀಳೋಕೆ!"

ದೊಡ್ಡಮ್ಮ ಅಳ್ಲಿಲ್ಲ. ನಡ್ಕೊಂಡು ಬಂದು ಯಜಮಾನ್ರ ಎದುರು ನಿಂತ್ರು. ಆಂಪು ಗುಂಯ್ ಅಂತಲೇ ಇತ್ತು, ಹಲ್ಲು ನಡುಗೋ ಹಾಗೆ. ಅದರ ಮೇಲೆ ಕೇಳಿಸ್ಲಿ ಅಂತ ಎಲ್ರೂ ಕೂಗಿ ಕೂಗಿ ಮಾತಾಡ್ತಿದ್ವಿ. ಅವರೊಬ್ರು ಮಾತ್ರ ಮೆಲ್ಲಗೆ ಹೇಳಿದ್ರು.

"ಚಪ್ಪಲಿ ಬಿಡಿ."

"ಏನಮ್ಮಾ?"

"ಚಪ್ಪಲಿ ಬಿಟ್ಟು ಆ ಗಿಟಾರ್ ಹಿಡ್ಕೊಳ್ಳಿ. ಆ ಮೈಕಿಗೆ ತುಟಿ ಇಟ್ಟು ಒಂದು ಸಾಲು ಹಾಡಿ. ಹಾರ್ಟು ಅಂದ್ರಲ್ಲ. ನಿಮ್ಮ ಹಾರ್ಟು ಚೆನ್ನಾಗಿದೆಯಲ್ಲ. ಹಾಡಿ."

"ನೋಡಮ್ಮ, ನಿನ್ನ ಸಂಕಟ ನಂಗರ್ಥ ಆಗುತ್ತೆ..."

"ಹಿಡ್ಕೊಳ್ಳೋ!" ಬಹುವಚನ ಅಲ್ಲಿಗೆ ಮುಗೀತು. "ನನ್ನ ಇನ್ನೊಬ್ಬ ಮಗನ್ನೂ ಅದೇ ಜಾಗಕ್ಕೆ ತಂದು ನಿಲ್ಲಿಸಿದ್ಯಲ್ಲ, ಅವನು ಮುಟ್ಬಹುದು, ನೀನು ಮುಟ್ಬಾರ್ದಾ? ಮುಟ್ಟು!"

ಗುಂಯ್ ಏರ್ತಾ ಹೋಯ್ತು. ಕಿಟಕಿ ಗಾಜು ಝಣ ಝಣ ಅಂತಿತ್ತು. ಯಜಮಾನ್ರು ಹಿಂದೆ ಸರೀತಾ ಸರೀತಾ ಗೋಡೆಗೆ ತಾಗಿದ್ರು. ಗಿಟಾರ್ ಕಡೆ ನೋಡಿದ್ರು. ಬಾಯಿಂದ ತಾನಾಗೇ ಬಂತು, "ಬೇಡ... ಬೇಡಮ್ಮಾ... ಸತ್ತುಹೋಗ್ತೀನಿ."

"ನಿಂಗೆ ಗೊತ್ತಿತ್ತು," ಅಂದ್ರು ದೊಡ್ಡಮ್ಮ. "ಅವನು ಬಡ್ಕೊಂಡ. ನಿಂಗೆ ಗೊತ್ತಿತ್ತು."

ಆಗ ಗುಂಯ್ ನಿಂತುಹೋಯ್ತು. ಒಂದೇ ಸಲಕ್ಕೆ, ಯಾರೂ ಏನೂ ಮುಟ್ಟದೆ. ಆ ನಿಶ್ಶಬ್ದದಲ್ಲಿ ಯಜಮಾನ್ರು ಬಿಕ್ಕೋದು ಕೇಳಿಸ್ತಿತ್ತು, ನಂಗೆ ಒಂಚೂರೂ ಅಯ್ಯೋ ಅನ್ನಿಸ್ಲಿಲ್ಲ. ಈಗ್ಲೂ ಅನ್ಸಲ್ಲ. ಕೇಸು ನಡೀತಿದೆ, ಆ ಮಾತಿಗೆ ನಾವೆಲ್ಲ ಸಾಕ್ಷಿ. ಮೊಂಡ ಬೇರೆ ಕಡೆ ನುಡಿಸ್ತಾನೆ. ಗೇಟು ಕೊನೇಲಿಡ್ತಾನೆ, ಇಟ್ಟಲ್ಲೇ ಇರುತ್ತೆ.

ಇಷ್ಟೇ ಆಗಿದ್ರೆ ನಿಮಗೆ ರಾತ್ರಿ ಹೊತ್ತು ಕೂರಿಸ್ಕೊಂಡು ಹೇಳ್ತಿರ್ಲಿಲ್ಲ.

ಎಲ್ಲಾ ಮುಗಿದು ನಾವು ಹೊರಡೋವಾಗ ವೈರಿಂಗ್ ಅಕ್ಕ ಮಾತ್ರ ಅಲ್ಲೇ ನಿಂತಿದ್ಲು, ಆಂಪನ್ನೇ ನೋಡ್ತಾ. "ಬಾರಕ್ಕ, ಹೋಗೋಣ," ಅಂದೆ. ಅವಳ ಹಣೆ ಮೇಲೆಲ್ಲ ಬೆವರು.

"ಅದು ಅಷ್ಟೊತ್ತು ಗುಂಯ್ ಅಂತಿತ್ತಲ್ಲ..." ಪಿಸುಗುಟ್ಟಿದ್ಲು.

"ಹ್ಞೂಂ. ಅದಕ್ಕೇನು?"

ಅವಳು ಮುಷ್ಟಿ ಬಿಚ್ಚಿ ತೋರಿಸಿದ್ಲು. ಪ್ಲಗ್ಗು. ಆಂಪಿನ ಪ್ಲಗ್ಗು. ದೊಡ್ಡಮ್ಮ ಬರೋಕೆ ಮುಂಚೆ ಕಿತ್ತಿದ್ಲಲ್ಲ, ಆಗಿಂದ ಅವಳ ಕೈಲೇ ಇತ್ತು. ನಾನು ಕಣ್ಣಾರೆ ನೋಡಿದ್ದು. ನಂಬೋದಾದ್ರೆ ನಂಬಿ, ಇಲ್ಲಾಂದ್ರೆ ಬಿಡಿ.