ಹ್ಯೂಬರ್ಟ್ ಅವರ ನಾಲಿಗೆಯ ಬಗ್ಗೆ ನಾಲ್ಕು ಮಾತು

ವೇದಿಕೆಯ ಮೇಲಿರುವ ಸಂಘದ ಅಧ್ಯಕ್ಷರಾದ ಲಾನ್ಸೆಲೊಟ್ ಅವರೇ, ಹೂವಿನ ಹಾರದ ಭಾರ ಹೊತ್ತು ಕೂತಿರುವ ಇಂದಿನ ಬೀಳ್ಕೊಡುಗೆಯ ಸನ್ಮಾನಿತ ದಂಪತಿ ಹ್ಯೂಬರ್ಟ್ ಮತ್ತು ಸೂಸನ್ ಅವರೇ, ಮುಂದಿನ ಸಾಲಿನ ಹಿರಿಯರೇ, ಸಿತ್ರಾದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ನೇರವಾಗಿ ಇಲ್ಲಿಗೇ ಬಂದು ಹಿಂದೆ ನಿಂತಿರುವ ಮಿತ್ರರೇ, ಪಕ್ಕದ ಕೋಣೆಯಿಂದ ಬರುತ್ತಿರುವ ಕೋಳಿ ಸುಕ್ಕದ ಪರಿಮಳಕ್ಕೆ ಆಗಲೇ ಮನಸ್ಸು ಕೊಟ್ಟಿರುವ ಸಭಿಕರೇ, ಎಲ್ಲರಿಗೂ ಮಹಾಬಲನ ವಂದನೆಗಳು.

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಾನು ಈ ಸಂಘದಲ್ಲಿ ಎರಡು ಅವಧಿಗೆ ಕಾರ್ಯದರ್ಶಿಯಾಗಿದ್ದವನು. ನನ್ನ ಐದು ನಿಮಿಷ ಎಷ್ಟು ಉದ್ದ ಎಂಬುದು ನಿಮಗೆ ಗೊತ್ತಿದೆ. ಆದರೂ ಇಂದು ಚುಟುಕಾಗಿ ಮುಗಿಸಬೇಕೆಂದು ಎರಡು ಪುಟ ಬರೆದುಕೊಂಡು ಬಂದಿದ್ದೇನೆ. ‘ನಾನು ಕಂಡ ಹ್ಯೂಬರ್ಟ್’ ಎಂದು ಮೇಲೆ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೇನೆ.

ಹ್ಯೂಬರ್ಟ್ ಬಹ್ರೈನಿಗೆ ಬಂದು ಮೂವತ್ತೊಂದು ವರ್ಷವಾಯಿತು. ಮೂವತ್ತೊಂದು ವರ್ಷವೂ ಒಂದೇ ಹೋಟೆಲು. ಏನು ಕೆಲಸ? ನಿರೂಪಕಿ ತೃಷಾ ಅವರು ಪರಿಚಯ ಮಾಡಿಕೊಡುವಾಗ ‘ಆತಿಥ್ಯ ಕ್ಷೇತ್ರದಲ್ಲಿ ಸೇವೆ’ ಎಂದರು. ಹಿರಿಯರಿದ್ದಾರೆ, ಮಕ್ಕಳಿದ್ದಾರೆ, ಹಾಗೆ ಹೇಳಿದ್ದು ಮರ್ಯಾದೆಯೇ. ಆದರೆ ಎಲ್ಲರಿಗೂ ಗೊತ್ತಿರುವುದನ್ನು ಮುಚ್ಚಿಟ್ಟು ಏನು ಪ್ರಯೋಜನ? ಹ್ಯೂಬರ್ಟ್ ವೈನ್ ರುಚಿ ನೋಡುವವರು. ಹೋಟೆಲಿಗೆ ಯಾವ ವೈನ್ ಬರಬೇಕು, ಯಾವುದನ್ನು ಈಗಲೇ ಬಡಿಸಬೇಕು, ಯಾವುದು ಇನ್ನೂ ಐದು ವರ್ಷ ಮಲಗಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಅವರ ನಾಲಿಗೆ. ನಾವೆಲ್ಲ ಕೈಯಲ್ಲಿ, ಕಾಲಿನಲ್ಲಿ, ಕಂಪ್ಯೂಟರಿನಲ್ಲಿ ದುಡಿದೆವು. ಅವರು ನಾಲಿಗೆಯಲ್ಲಿ ದುಡಿದು ಮನೆ ನಡೆಸಿದರು, ಮಗಳು ಅಲಿಶಾಳನ್ನು ಓದಿಸಿದರು.

ನನ್ನ ವಿಷಯ ಕೇಳಿ. ನಮ್ಮ ಮನೆಯಲ್ಲಿ ಮದ್ಯದ ಹೆಸರೆತ್ತಿದರೆ ಅಮ್ಮ ಬಾಯಿ ತೊಳೆದುಕೊಂಡು ಬಾ ಎನ್ನುತ್ತಿದ್ದರು. ಅಂಥ ಮನೆಯಿಂದ ಬಂದ ನಾನು ಮೊದಲ ಬಾರಿ ಹ್ಯೂಬರ್ಟ್ ಕೊಟ್ಟ ಕೆಂಪು ವೈನನ್ನು ಶರಬತ್ತಿನಂತೆ ಒಂದೇ ಗುಟುಕಿಗೆ ಕುಡಿದು, ‘ಸಕ್ಕರೆ ಹಾಕಲಿಲ್ಲವಾ?’ ಎಂದು ಕೇಳಿದ್ದೆ. ನಗಬೇಡಿ. ಹ್ಯೂಬರ್ಟ್ ನಗಲಿಲ್ಲ. “ಎಂತ ಅವಸರ ಮಾರಾಯ್ರೇ? ಅದು ಇಷ್ಟು ವರ್ಷ ಬಾಟಲಿಯಲ್ಲಿ ಉಸಿರು ಕಟ್ಟಿ ಕೂತದ್ದು. ಸ್ವಲ್ಪ ಗಾಳಿ ತೆಗೊಳ್ಳಿಕ್ಕೆ ಬಿಡಿ, ಮತ್ತೆ ಮಾತಾಡಿಸಿ” ಎಂದರು. ಅಲ್ಲಿಂದ ಶುರುವಾಯಿತು ನಮ್ಮ ಶುಕ್ರವಾರದ ಕೂಟ.

ಪ್ರತಿ ತಿಂಗಳ ಮೊದಲ ಶುಕ್ರವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ, ಏಳೆಂಟು ಜನ. ಎರಡು ಬಾಟಲಿ: ಒಂದು ಎಳೆಯದು, ಒಂದು ಹಳೆಯದು. ಹೆಸರು ಕಾಣದಂತೆ ಎರಡಕ್ಕೂ ಕುತ್ತಿಗೆಯವರೆಗೆ ಪೇಪರ್ ಸುತ್ತಿರಬೇಕು. ಅದೂ ಮಲಯಾಳಂ ಪೇಪರ್, ಯಾಕೆಂದರೆ ನಮ್ಮಲ್ಲಿ ಯಾರಿಗೂ ಓದಲು ಬರುವುದಿಲ್ಲ, ಗಮನ ಆಚೆ ಹೋಗುವುದಿಲ್ಲ. ಪುಸ್ತಕದಲ್ಲಿರುವ ಯಾವುದೋ ದೇಶದ ಹಣ್ಣಿನ ಹೆಸರು ಹೇಳುವ ಹಾಗಿಲ್ಲ. “ನೀವು ತಿಂದ ಹಣ್ಣಿನ ಹೆಸರು ಹೇಳಿ” ಎನ್ನುತ್ತಿದ್ದರು ಹ್ಯೂಬರ್ಟ್. ಎಳೆಯ ವೈನಿಗೆ ನಾವು ಪುನರ್ಪುಳಿ ಹಣ್ಣಿನ ಹುಳಿ ಎಂದೆವು, ಗೇರುಹಣ್ಣಿನ ಒಗರು ಎಂದೆವು. ಹಳೆಯದಕ್ಕೆ ಒಣ ಅಂಜೂರ, ಚಹಾದ ಡಬ್ಬಿ, ಮರದ ಪೆಟ್ಟಿಗೆಯಲ್ಲಿಟ್ಟ ಸೀರೆ ಎಂದೆವು. ಎಳೆಯದು ನಾಲಿಗೆಯ ಜೊತೆ ಜಗಳವಾಡುತ್ತದೆ, ಹಳೆಯದು ಪಕ್ಕದಲ್ಲಿ ಬಂದು ಕೂತುಕೊಳ್ಳುತ್ತದೆ. ಎಷ್ಟು ಸುಖವಾದ ಶುಕ್ರವಾರಗಳು ಅವು! ಅಲ್ಲಿ ಮ್ಯಾನೇಜರ್ ಇರಲಿಲ್ಲ, ಗುಮಾಸ್ತ ಇರಲಿಲ್ಲ, ಹಿಂದೂ ಕ್ರಿಶ್ಚಿಯನ್ ಇರಲಿಲ್ಲ.

ಇನ್ನೊಂದು ಕ್ರಮವಿತ್ತು. ಹ್ಯೂಬರ್ಟ್ ಯಾವಾಗಲೂ ಕೊನೆಗೆ ಮಾತಾಡುತ್ತಿದ್ದರು. ತಾವು ಮೊದಲು ಹೇಳಿದರೆ ಉಳಿದವರು ಅದನ್ನೇ ಹೇಳುತ್ತಾರೆ ಎಂಬುದು ಅವರ ಲೆಕ್ಕಾಚಾರ. ನಮ್ಮೆಲ್ಲರ ಮಾತು ಮುಗಿದ ಮೇಲೆ ಅವರು ಒಂದು ಮಾತು ಹೇಳುವರು, ನಾವು ಇನ್ನೊಂದು ಗುಟುಕು ಕುಡಿಯುವೆವು, ಹೌದಲ್ಲವೇ ಎನಿಸುವುದು.

ಹಾಗೆ ಕಲಿತು ಕಲಿತು ನಾನೂ ಒಬ್ಬ ದೊಡ್ಡ ರುಚಿಗಾರನಾದೆ. ಕೂಟದಲ್ಲಿ ಮೊದಲು ಬಾಯಿ ತೆರೆಯುವವನು ನಾನೇ. ನಮ್ಮ ಕೂಟದ ಸಂದೇಶ್ ನನ್ನನ್ನು ‘ಎರಡನೇ ಹ್ಯೂಬರ್ಟ್’ ಎಂದು ಕರೆಯುತ್ತಿದ್ದ. ನನಗೆ ಒಳಗೊಳಗೇ ಖುಷಿ. ನಮ್ಮ ಫ್ಲಾಟಿನಲ್ಲಿ ಕಿಟಕಿಯಿಲ್ಲದ ಒಂದು ಸಣ್ಣ ಸ್ಟೋರ್ ರೂಮ್ ಇದೆ. ಪಕ್ಕದ ಕೋಣೆಯ ಏಸಿಯ ತಂಪು ಅದಕ್ಕೂ ಬರುತ್ತದೆ. ಕೂಟದವರ ಬಾಟಲಿಗಳೆಲ್ಲ ಅಲ್ಲೇ ಮಲಗುತ್ತಿದ್ದವು.

ಅಲ್ಲಿ ಹ್ಯೂಬರ್ಟ್ ಅವರ ಒಂದು ಬಾಟಲಿಯೂ ಇತ್ತು. ಅಲಿಶಾ ಹುಟ್ಟಿದ ವರ್ಷದ್ದು. ಅವಳ ಮೂರನೇ ಹುಟ್ಟುಹಬ್ಬಕ್ಕೆ ಹೋಟೆಲಿನ ಹಳೆಯ ಬಾಣಸಿಗರೊಬ್ಬರು ಕೊಟ್ಟದ್ದು. ಅವಳ ಮದುವೆ ನಿಶ್ಚಯದ ದಿನ ತೆರೆಯುವುದು ಎಂದು ಅವರು ಆಗಲೇ ನಿರ್ಧರಿಸಿದ್ದರಂತೆ. ತಮ್ಮ ಮನೆ ಪಶ್ಚಿಮಕ್ಕೆ ಮುಖ ಮಾಡಿದೆ, ಸೆಕೆ ಜಾಸ್ತಿ ಎಂದು ಹನ್ನೊಂದು ವರ್ಷದ ಹಿಂದೆ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಕಳೆದ ವರ್ಷ ಜುಲೈಯಲ್ಲಿ ನಾನೂ ನನ್ನ ಹೆಂಡತಿ ಪ್ರಫುಲ್ಲಾಳೂ ಊರಿಗೆ ಹೋದಾಗ ಏಸಿ ಹಾಕಿಟ್ಟು ಹೋಗುವುದನ್ನು ಮರೆತೆ.

ಇಲ್ಲ. ಕ್ಷಮಿಸಿ. ಮರೆಯಲಿಲ್ಲ.

ಈ ಮಾತು ನನ್ನ ಪುಟದಲ್ಲಿಲ್ಲ. ಪುಟವನ್ನು ಮಡಚಿಡುತ್ತೇನೆ. ತೃಷಾ, ನೀವು ಚೀಟಿ ಕಳಿಸಿದ್ದು ಕಂಡಿತು, ಐದು ನಿಮಿಷ ಆಯಿತು. ಇನ್ನೊಂದು ಸ್ವಲ್ಪ ತಡೆದುಕೊಳ್ಳಿ. ಇದನ್ನು ಹೇಳದೆ ಕೂತರೆ ಮುಂದೆ ಹೇಳುವ ಜಾಗವೇ ನನಗಿಲ್ಲ. ನಾಡಿದ್ದು ಇವರ ವಿಮಾನ.

ಬೇಸಗೆಯಲ್ಲಿ ಊರಿಗೆ ಹೋಗುವಾಗ ನಾವೆಲ್ಲ ಏನು ಮಾಡುತ್ತೇವೆ? ಗ್ಯಾಸ್ ಬಂದ್, ನೀರು ಬಂದ್, ಮೇನ್ ಸ್ವಿಚ್ ಬಂದ್. ಪ್ರತಿ ವರ್ಷ ನಾನು ಆ ಒಂದು ಏಸಿಯನ್ನು ಮಾತ್ರ ಉಳಿಸಿ ಹೋಗುತ್ತಿದ್ದೆ. ಆ ವರ್ಷ ಪಕ್ಕದ ಕಟ್ಟಡದಲ್ಲಿ ಯಾರೂ ಇಲ್ಲದ ಮನೆಯ ಏಸಿಗೆ ಬೆಂಕಿ ಹತ್ತಿತ್ತು. ನಮ್ಮ ನಾತೂರ್, ಅಂದರೆ ಕಟ್ಟಡದ ಕಾವಲುಗಾರ, “ಸಾಬ್, ಮೇನ್ ಬಂದ್ ಕರ್ಕೆ ಜಾನಾ” ಎಂದ. ಟ್ಯಾಕ್ಸಿ ಕೆಳಗೆ ಬಂದು ಹಾರ್ನ್ ಹಾಕುತ್ತಿತ್ತು. ಪ್ರಫುಲ್ಲಾ ಬಾಗಿಲಲ್ಲಿ ನಿಂತು, “ಹ್ಯೂಬರ್ಟ್‌ರ ಬಾಟಲಿ ಉಂಟಲ್ಲಾ? ಸಂದೇಶನ ಮನೆಯಲ್ಲಾದ್ರೂ ಕೊಟ್ಟು ಹೋಗುವ” ಎಂದಳು. ನಾನು ಏನೆಂದೆ ಗೊತ್ತೇ? “ಇಪ್ಪತ್ತಮೂರು ವರ್ಷ ಬದುಕಿದ್ದಕ್ಕೆ ನಲವತ್ತು ದಿನದಲ್ಲಿ ಎಂತ ಆಗ್ತದೆ? ಬಾ” ಎಂದೆ. ಸ್ವಿಚ್ ಕೆಳಗೆ ಎಳೆದೆ. ಸಂದೇಶನ ಮನೆ ನಮ್ಮಿಂದ ಎರಡು ಸಿಗ್ನಲ್ ದೂರ. ನನಗೆ ಸೋಮಾರಿತನ, ಅಷ್ಟೇ. ಇದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕಿ ಹುಡುಕಿ ನನಗೆ ಸಾಕಾಗಿದೆ.

ಆಗಸ್ಟ್ ಕೊನೆಯಲ್ಲಿ ವಾಪಸ್ ಬಂದು ಸ್ಟೋರ್ ರೂಮಿನ ಬಾಗಿಲು ತೆರೆದರೆ ಮುಖಕ್ಕೆ ಬಿಸಿ ಹೊಡೆಯಿತು. ಕೂಟದ ಬೇರೆ ಬಾಟಲಿಗಳು ಬೇಸಗೆಗೆ ಮೊದಲೇ ಖಾಲಿಯಾಗಿದ್ದವು, ಉಳಿದದ್ದು ಅದೊಂದೇ. ಆ ಬಾಟಲಿಯ ಬಿರಡೆ ಉಗುರಿನಷ್ಟು ಮೇಲೆ ಬಂದಿತ್ತು. ಕೆಳಗಿನ ಹಲಗೆಯ ಮೇಲೆ ಅಂಟುಅಂಟಾದ ಕೆಂಪು ಗೆರೆ. ವೈನ್ ಕುದಿದು ಹೋಗಿತ್ತು ಎಂದು ತಿಳಿಯಲು ಎರಡನೇ ಹ್ಯೂಬರ್ಟ್ ಆಗಬೇಕಿರಲಿಲ್ಲ. ಆಗಲಾದರೂ ಫೋನ್ ಮಾಡಬಹುದಿತ್ತಲ್ಲವೇ? ನಾನು ಹೆಬ್ಬೆರಳಿನಿಂದ ಬಿರಡೆಯನ್ನು ಒಳಕ್ಕೆ ಒತ್ತಿದೆ. ಒದ್ದೆ ಬಟ್ಟೆ ತಂದು ಹಲಗೆ ಒರೆಸಿದೆ. ಬಟ್ಟೆಯನ್ನು ಪ್ರಫುಲ್ಲಾಗೆ ಕಾಣದ ಹಾಗೆ ಕಸಕ್ಕೆ ಹಾಕಿದೆ. ಅವಳು ಕಂಡಿದ್ದಳು.

ನವೆಂಬರಿನಲ್ಲಿ ಅಲಿಶಾಳ ನಿಶ್ಚಯವಾಯಿತು. ಒಂದು ಶುಕ್ರವಾರ, ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಮೇಲೆ, ಹ್ಯೂಬರ್ಟ್ ಮನೆಯಲ್ಲಿ ಊಟ. ಕೂಟದ ಕ್ರಮದಂತೆಯೇ ಎರಡು ಬಾಟಲಿ, ಮಲಯಾಳಂ ಪೇಪರ್. ಎರಡರ ಬಿರಡೆಯನ್ನೂ ತೆಗೆದು ಸುತ್ತಿದ್ದು ಸೂಸನ್ ಬಾಯಿ. ಅಕ್ಕ ಎನ್ನುವ ಹಾಗೆ ನಾವೆಲ್ಲ ಅವರನ್ನು ‘ಬಾಯಿ’ ಎನ್ನುತ್ತೇವೆ. ಯಾವುದು ಎಲ್ಲಿದೆ ಎಂದು ಹ್ಯೂಬರ್ಟ್‌ಗೂ ಗೊತ್ತಿರಲಿಲ್ಲ. ಮೊದಲನೆಯದು ಎಳೆಯದು, ಚೆನ್ನಾಗಿತ್ತು. ಎರಡನೆಯದನ್ನು ಮೂಗಿನ ಹತ್ತಿರ ತಂದದ್ದೇ ತಡ, ನನಗೆ ನನ್ನ ಸ್ಟೋರ್ ರೂಮಿನ ವಾಸನೆ ಬಂತು. ತಳ ಹಿಡಿದ ಬೆಲ್ಲದ ಪಾಕ. ಜೀವವೇ ಇಲ್ಲ.

ನಾನು ಮೊದಲು ಮಾತಾಡುವವನು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಎದ್ದು ನಿಂತು, “ಆಹಾ! ಇದು ಅಲಿಶಾಳ ಬಾಟಲಿ, ಪೇಪರ್ ತೆಗೆಯುವುದೇ ಬೇಡ! ಎಂಥ ಆಳ, ಎಂಥ ಪ್ರಾಯ!” ಎಂದು ಭಾಷಣವನ್ನೇ ಮಾಡಿದೆ. ಭಾಷಣ ನನಗೆ ಸಲೀಸು, ನೋಡುತ್ತಿದ್ದೀರಲ್ಲ. ಆಮೇಲೆ ಸಂದೇಶ್ ಅಂಜೂರ ಎಂದ, ಓಲಿವರ್ ಖರ್ಜೂರ ಎಂದರು, ಅನಿಷಾ ಬಾಯಲ್ಲಿ ಕರಗುತ್ತದೆ ಎಂದರು. ಹೀಗೆ ಸುತ್ತು ಬಂದು ಕೊನೆಗೆ ಹ್ಯೂಬರ್ಟ್ ಸರದಿ. ಅವರು ಲೋಟ ಹಿಡಿದು ಮೂರು ಸಲ ಮೂಸಿ ನೋಡಿದರು. ಇನ್ನೊಂದು ಗುಟುಕು ಕುಡಿದರು. “ಎಲ್ಲ ನೀವೇ ಹೇಳಿ ಆಯ್ತು. ನನಗೆ ಹೇಳ್ಲಿಕ್ಕೆ ಎಂತ ಉಂಟು?” ಎಂದು ನಕ್ಕರು. ಆ ನಗು ಹೇಗಿತ್ತು ಎಂದು ನನ್ನನ್ನು ಕೇಳಬೇಡಿ.

ಕೊರೋನಾ ಬಂದಾಗ ಹ್ಯೂಬರ್ಟ್‌ಗೆ ಮೂರು ತಿಂಗಳು ವಾಸನೆ ಹೋಗಿತ್ತು. ಮತ್ತೆ ಬಂತು. ಆದರೆ ಆ ಹೆದರಿಕೆ ಹೋಗಿರಲಿಲ್ಲ. ಮೇಜಿನ ಸುತ್ತ ಇದ್ದವರೆಲ್ಲ ಅಮೃತ ಎಂದ ವೈನು ತನಗೊಬ್ಬನಿಗೆ ಸುಟ್ಟ ಬೆಲ್ಲವಾದರೆ, ಮೂಗು ನಾಲಿಗೆಯನ್ನೇ ನಂಬಿದ ಮನುಷ್ಯ ಏನೆಂದು ತಿಳಿಯಬೇಕು?

ಅವರು ಸಲ್ಮಾನಿಯಾದ ಆಸ್ಪತ್ರೆಗೆ ಹೋದರು. ಕರೆದುಕೊಂಡು ಹೋದವನು ನಾನು. ಸೂಸನ್ ಬಾಯಿ ಬೇರೊಂದು ಆಸ್ಪತ್ರೆಯಲ್ಲಿ ನರ್ಸ್, ಆದರೆ ಹೆಂಡತಿಗೆ ಹೇಳಲು ಅವರಿಗೆ ಮನಸ್ಸಿರಲಿಲ್ಲ. ಡಾಕ್ಟರು ಎಲ್ಲ ಸರಿಯಿದೆ ಎಂದರು. ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಹ್ಯೂಬರ್ಟ್ ಹೇಳಿದರು: “ಡಾಕ್ಟರಿಗೆ ಎಂತ ಗೊತ್ತು ಮಾಬಲಣ್ಣ? ನನ್ನ ಮಗಳ ವೈನು ನನಗೇ ಸಿಗ್ಲಿಲ್ಲ. ನಿಮಗೆ ಸಿಕ್ಕಿತು, ಎಲ್ಲರಿಗೂ ಸಿಕ್ಕಿತು. ನೀವೆಲ್ಲ ಸುಳ್ಳು ಹೇಳ್ತೀರಾ?” ನಾವಿಬ್ಬರೇ ಇದ್ದೆವು. ಒಂದು ವಾಕ್ಯ ಸಾಕಿತ್ತು. ನಾನು ಕಾರು ಹಿಂದಕ್ಕೆ ತೆಗೆಯುತ್ತಾ, ಇಲ್ಲಿ ಪಾರ್ಕಿಂಗ್ ಬಹಳ ಕಷ್ಟ ಎಂದೆ.

ಮೂರು ತಿಂಗಳ ಮೇಲೆ ಅವರು ರಾಜೀನಾಮೆ ಕೊಟ್ಟರು. ಸುಳ್ಳು ನಾಲಿಗೆ ಇಟ್ಟುಕೊಂಡು ಸಂಬಳ ತಿನ್ನಲಾರೆ ಎಂದರಂತೆ. ಸುಳ್ಳು ನಾಲಿಗೆ! ಅದು ಯಾರದ್ದು ಸ್ವಾಮಿ? ಆ ಜಾಗಕ್ಕೆ ಹೊಸಬರು ಬಂದಾಯಿತು, ವೀಸಾ ರದ್ದಾಯಿತು. ನಾನು ಇಂದು ಏನು ಹೇಳಿದರೂ ಅದು ತಿರುಗಿ ಬರುವುದಿಲ್ಲ. ಈ ಬ್ಯಾನರಿನಲ್ಲಿ ‘ಸ್ವಯಂ ನಿವೃತ್ತಿ’ ಎಂದು ಬರೆಸಿದ್ದಾರೆ. ಬರೆಸುವಾಗ ಕರಡು ತಿದ್ದಿದವನೂ ನಾನೇ.

ನನಗೆ ನಾಚಿಕೆಯಾಗುತ್ತಿದೆ. ಬಾಟಲಿ ಹಾಳು ಮಾಡಿದ್ದಕ್ಕೆ ಇಷ್ಟು ನಾಚಿಕೆಯಿಲ್ಲ. ವೈನು ಕೊನೆಗೂ ದ್ರಾಕ್ಷಿ ರಸ. ಒಬ್ಬ ಮನುಷ್ಯ ತನ್ನನ್ನೇ ನಂಬದ ಹಾಗೆ ಮಾಡಿ, ಎಂಟು ತಿಂಗಳು ಅವನ ಪಕ್ಕದಲ್ಲಿ ಕೂತು ಊಟ ಮಾಡಿದೆನಲ್ಲ, ಅದಕ್ಕೆ.

ಹ್ಯೂಬರ್ಟ್, ನಿಮ್ಮ ಮುಖ ನೋಡುವ ಧೈರ್ಯ ನನಗಿಲ್ಲ, ಸಭೆಯ ಕಡೆ ನೋಡಿಕೊಂಡೇ ಹೇಳುತ್ತೇನೆ. ಆ ವೈನು ಹಾಳಾಗಿತ್ತು. ಹಾಳು ಮಾಡಿದ್ದು ನಾನು. ಆ ದಿನ ಆ ಮೇಜಿನಲ್ಲಿ ಸರಿಯಾಗಿದ್ದ ನಾಲಿಗೆ ನಿಮ್ಮದು.

ಆದರೆ ನನ್ನ ಮಾತನ್ನು ನೀವು ಯಾಕೆ ನಂಬಬೇಕು? ನಂಬಿಸುವಂಥ ಬಾಯಿ ನನ್ನಲ್ಲಿ ಉಳಿದಿಲ್ಲ. ಹಾಗಾಗಿ ಆ ಶುಕ್ರವಾರ ಊಟಕ್ಕಿದ್ದವರನ್ನು ಕೇಳುತ್ತೇನೆ. ನಿಮ್ಮ ತಪ್ಪೇನಿಲ್ಲ, ನೀವು ನನ್ನನ್ನು ನಂಬಿದಿರಿ, ನಮಗೇ ರುಚಿ ಗೊತ್ತಾಗುವುದಿಲ್ಲವೇನೋ ಎಂದುಕೊಂಡು ನನ್ನ ದನಿಗೆ ದನಿಗೂಡಿಸಿದಿರಿ. ಎರಡನೇ ಲೋಟ ಕೆಟ್ಟಿದೆ ಎಂದು ಅಂದು ಯಾರ ಬಾಯಿಗೆ ಅನಿಸಿತ್ತೋ, ದಯವಿಟ್ಟು ಕೈ ಎತ್ತಿ.

ಓಲಿವರ್. ಉಪಕಾರ.

ಅನಿಷಾ ಅವರೇ, ಇನ್ನೂ ಸ್ವಲ್ಪ ಮೇಲೆ, ವೇದಿಕೆಗೆ ಕಾಣಬೇಕು. ಸಂದೇಶ, ನೀನು ಚಾವಣಿಯ ಫ್ಯಾನ್ ಎಣಿಸುತ್ತಿದ್ದೀಯಾ? ಹಾಂ. ಸಂದೇಶನದ್ದೂ ಬಂತು. ಹ್ಯೂಬರ್ಟ್, ಚೆನ್ನಾಗಿ ನೋಡಿಕೊಳ್ಳಿ. ಅಂಜೂರ ಎಂದವನು, ಖರ್ಜೂರ ಎಂದವರು, ಕರಗುತ್ತದೆ ಎಂದವರು, ಎಲ್ಲರ ಕೈಯೂ ಮೇಲಿದೆ.

ಇನ್ನು ಯಾರೂ ಉಳಿದಿಲ್ಲ ಎಂದುಕೊಂಡಿದ್ದೆ. ಸೂಸನ್ ಬಾಯಿ... ನೀವೂ ಕೈ ಎತ್ತಿದ್ದೀರಾ?

ಹ್ಯೂಬರ್ಟ್, ಸಭೆಯ ಕಡೆ ನೋಡಿದ್ದು ಸಾಕು. ಒಮ್ಮೆ ನಿಮ್ಮ ಪಕ್ಕಕ್ಕೆ ನೋಡಿ.

ನನ್ನ ಮಾತು ಮುಗಿಯಿತು. ಇಷ್ಟು ಹೊತ್ತು ಸಹಿಸಿಕೊಂಡ ನಿಮ್ಮೆಲ್ಲರ ಋಣ ನನ್ನ ಮೇಲಿರಲಿ. ನಮಸ್ಕಾರ.