ವಾಲ್ಬುರ್ಗಾಳ ಎದೆಹಾಲು

ನಗುವವರು ನಗಲಿ. ಇದು ನನ್ನ ದೊಡ್ಡಪ್ಪನ ಮಗಳು ವಾಲ್ಬುರ್ಗಾಗೆ ಆದದ್ದು. ಆ ರಾತ್ರಿ ನಾನು ಅವಳ ಮನೆಯಲ್ಲೇ ಇದ್ದೆ.

ಫೆಬ್ರವರಿ ತಿಂಗಳು, ನಮ್ಮ ಜರ್ಮನ್ ಸೀಮೆ ಫ್ರಾಂಕೋನಿಯಾದ ಮೂಳೆ ಕೊರೆಯುವ ಚಳಿ. ಡ್ಯೂಕ್ ದೊರೆಯ ಐದನೇ ಮಗುವೂ ತೀರಿಕೊಂಡಿತ್ತು, ಬರೀ ಐದು ತಿಂಗಳಿಗೆ. ಮೊದಲ ನಾಲ್ಕೂ ಇಗರ್ಜಿಯ ನೆಲಮಾಳಿಗೆಯಲ್ಲಿ ಸಾಲಾಗಿ ಮಲಗಿದ್ದವು. ಈ ಮಗುವಿಗೆ ಹಾಲೂಡಿಸುತ್ತಿದ್ದವಳು ವಾಲ್ಬುರ್ಗಾ. ಎರಡು ತಿಂಗಳ ತನ್ನ ಮಗ ವೀಟ್‌ನನ್ನು ಅತ್ತೆಯ ಮಡಿಲಿಗೆ ಹಾಕಿ ಹೋಗಿದ್ದಳು. ಅರಮನೆ ಕರೆದರೆ ಇಲ್ಲ ಅನ್ನುವುದುಂಟೆ?

ಮಗು ಸತ್ತ ರಾತ್ರಿಯೇ ಅವಳನ್ನು ಹೊರಗೆ ಕಳಿಸಿದರು. ಖಾಲಿ ತೊಟ್ಟಿಲಿನ ಪಕ್ಕ ಹಾಲಿನವಳಿಗೇನು ಕೆಲಸ! ಹೊರಡುವಾಗ ರಾಣಿ ಅವಳ ಕೈ ಹಿಡಿದು, "ಐದು, ವಾಲ್ಬುರ್ಗಾ... ಐದು" ಅಂದಳಂತೆ.

ಒಬ್ಬಳೇ ನಡೆದಳು. ಕಾಲಡಿ ಹಿಮ... ಕರಕ್, ಕರಕ್. ಎದೆ ಕಲ್ಲಾಗಿ ಬಿಗಿದಿತ್ತು. ಸೋರಿದ ಹಾಲಿಗೆ ರವಿಕೆ ಮರಗಟ್ಟಿತ್ತು. ರಾಜಕುಮಾರನಿಗಾಗಿ ಅಳುತ್ತಲೇ ಇದ್ದಳು, ಆದರೆ ಕಾಲು ಓಡುತ್ತಿತ್ತು. ಮನೆ ಸೇರಿ ವೀಟ್‌ಗೆ ಹೊಟ್ಟೆ ತುಂಬ ಕುಡಿಸಬೇಕು... ಅಷ್ಟೇ ಅವಳಿಗಿದ್ದ ಆಸೆ.

ಊರಾಚೆಯ ಬಾವಿಯ ಹತ್ತಿರ ಬಂದಾಗ ಸರಪಳಿ ಕಿಣ್ ಅಂದಿತು. ಗಾಳಿ ಇರಲಿಲ್ಲ. ಆಮೇಲೆ ಅಳು... ಜೋರಿನದಲ್ಲ, ಹಸಿದು ಸುಸ್ತಾದ ಕೂಸಿನ ಕುಂಯ್, ಕುಂಯ್.

"ಯಾರ ಮಗೂನೋ ನೀನು?" ಅಂತ ಪಿಸುಗುಟ್ಟಿದಳು.

ಕತ್ತಲಲ್ಲಿ ತಡಕಿದರೆ ಬಾವಿಕಟ್ಟೆಯ ಮೇಲೊಂದು ಬಟ್ಟೆಗಂಟು. ತಣ್ಣಗಿತ್ತು. ಯಾರೋ ಬಿಟ್ಟುಹೋದದ್ದಿರಬೇಕು, ಹೀಗೇ ಬಿಟ್ಟರೆ ಸಾಯುತ್ತೆ ಅಂತ ಎದೆಗೆ ಹಾಕಿಕೊಂಡಳು. ಚಪ್... ಚಪ್... ಚಪ್... ಎರಡೂ ಕಡೆ ಕುಡಿಯಿತು. ತೇಗಿದ್ದೂ ಕೇಳಿಸಿತು. ಇದ್ದಕ್ಕಿದ್ದಂತೆ ಮಡಿಲು ಹಗುರಾಯಿತು. ನೋಡಿದರೆ ಬಟ್ಟೆಯೂ ಇಲ್ಲ, ಕೂಸೂ ಇಲ್ಲ.

ದಬದಬ ಬಾಗಿಲು ಬಡಿದಾಗ ತೆಗೆದವಳು ನಾನೇ.

"ವೀಟ್ ಎಲ್ಲೇ? ಮಲಗಿದಾನಾ?"

ನಾನು ಅವಳ ಕೈ ಹಿಡಿದು ಒಳಗೆ ಕರೆದುಕೊಂಡೆ. ಅವಳ ಅತ್ತೆ ಕುನಿಗುಂಡೆ ಒಲೆಯ ಪಕ್ಕದಿಂದ ಏಳದೆಯೇ ಹೇಳಿದಳು.

"ಮಾರ್ಟಿನ್ ಸಂತನ ಹಬ್ಬದ ದಿನಾನೇ ಹೋಗ್ಬಿಟ್ಟ ಕಣೇ... ಅವನಿಗಾಗ ನಾಲ್ಕು ತಿಂಗಳು. ಮೇಕೆ ಹಾಲು ಒಗ್ಗಲಿಲ್ಲ."

"ನವೆಂಬರ್‌ನಲ್ಲಾ? ನಂಗ್ಯಾಕೆ ಹೇಳಿಕಳಿಸಲಿಲ್ಲ?"

"ಅರಮನೆಯವರೇ ಬೇಡ ಅಂದ್ರು. ನೀನು ಅತ್ತರೆ ಹಾಲು ಕೆಡುತ್ತಂತೆ. ರಾಜಕುಮಾರನಿಗೆ ಆಗಲ್ವಂತೆ."

ವಾಲ್ಬುರ್ಗಾ ಕಿರುಚಲಿಲ್ಲ. "ಮೂರು ತಿಂಗಳು ನಾನು ನಗ್ತಾ ಹಾಲು ಕೊಟ್ಟೆನಲ್ಲೇ..." ಅಂದಳು, ನನ್ನ ಮುಖ ನೋಡಿ.

ಅವಳ ರವಿಕೆ ಬಿಚ್ಚಿ ಬಿಸಿನೀರಲ್ಲಿ ಮೈ ಒರೆಸಿದವಳು ನಾನು. ಎದೆ ಎರಡೂ ಬರಿದಾಗಿದ್ದವು, ಹಿಂಡಿದರೂ ತೊಟ್ಟು ಹಾಲಿಲ್ಲ. ಆಗ ಬಾವಿಯ ಸಂಗತಿ ಹೇಳಿದಳು.

"ರಾಜಕುಮಾರನೇ ಇರಬೇಕು. ಪಾಪ, ಅಭ್ಯಾಸ ಅಲ್ವಾ..." ಅಂದಳು ಕುನಿಗುಂಡೆ.

ನಾನು ದೀಪ ಹತ್ತಿರ ತಂದೆ. ಎಡಗಡೆ ತೊಟ್ಟಿನ ಕೆಳಗೆ ಹಲ್ಲಿನ ಗುರುತು... ಎರಡೇ ಎರಡು, ಅಕ್ಕಿಕಾಳಿನಷ್ಟು. ಇನ್ನೂ ಕೆಂಪಗಿತ್ತು.

"ರಾಜಕುಮಾರನಿಗೆ ಹಲ್ಲೇ ಬಂದಿರಲಿಲ್ಲ," ಅಂದಳು ವಾಲ್ಬುರ್ಗಾ.

ವೀಟ್‌ಗೂ ಬಂದಿರಲಿಲ್ಲ, ಸಾಯುವಾಗ. ಇದ್ದಿದ್ದರೆ ಆ ಫೆಬ್ರವರಿಗೆ ಅವನಿಗೆ ಏಳು ತಿಂಗಳು ತುಂಬುತ್ತಿತ್ತು, ಮೊದಲ ಎರಡು ಹಲ್ಲು ಮೂಡುವ ಹೊತ್ತು. ದೇವರಾಣೆ, ಆ ಗುರುತನ್ನು ನಾನು ಈ ಬೆರಳಿಂದ ಮುಟ್ಟಿದ್ದೇನೆ.