ಬೈಲಕುಪ್ಪೆ ಅಡುಗೆ

…ಅಂಟು ಕಣಮ್ಮಿ, ಅಂಟು! ಎಲೆಕ್ಷನ್ನಲ್ಲಿ ಗೋಡೆಗೆ ಪೋಸ್ಟರ್ ಮೆತ್ತಕ್ಕೆ ಮೈದಾ ಕಾಸ್ತಾರಲ್ಲ, ಅದೇ ಇದು. ಅದ್ಕೆ ಹಾಲು ಬೇರೆ! ಯಾಕೆ ನಗ್ತೀಯ? ತಮಾಸೆ ಮಾಡ್ತಿಲ್ಲ ನಾನು.

ಇದ್ಯಾವುದು, ಪಾಸ್ತಾನಾ? ಪರಂಗಿ ಎಲೆ ದಂಟ ಕತ್ತರಿಸಿ ಒಣಗಾಕ್ದಂಗೈತೆ. ಬೇಯಿಸ್ದೆ, ಸರಿ. ಟೊಮೆಟೊ ಗೊಜ್ಜು ಸುರಿದೆ, ಕೈಮ ಕಲಸ್ದೆ, ಅದೂ ಸರಿ. ಬೆಂದಿರೋದ್ನ ಮತ್ತೆ ಯಾಕಮ್ಮಿ ಬೇಯಿಸ್ಬೇಕು? ಡಬರಿಯೊಳಗೆ ಮರಳು, ಮರಳ ಮೇಲೆ ಪಾತ್ರೆ, ಮುಚ್ಚಳದ ಮೇಲೆ ಕೆಂಡ… ಊಟವಾ, ಇಟ್ಟಿಗೆ ಗೂಡಾ? ಬೈಲಕುಪ್ಪೆ ಗೆಸ್ಟ್ ಹೌಸಲ್ಲಿ ಓವನ್ ಇತ್ತಂತೆ. ನಮ್ಮ ಹಾರನಹಳ್ಳೀಲಿ ಮರಳೈತೆ, ಬೇಯಿಸ್ಕೊ!

ಗೊತ್ತು ಬುಡು. 'ಡೋಲ್ಮಾ ಅಮ್ಮ ಹಿಂಗೇ ಹೇಳ್ಕೊಟ್ರು.' ಡೋಲ್ಮಾ ಅಮ್ಮ, ಡೋಲ್ಮಾ ಅಮ್ಮ! ಮೂರು ವರ್ಸ ಅವಳ ಗೆಸ್ಟ್ ಹೌಸಲ್ಲಿ ಫಾರಿನ್ನೋರಿಗೆ ಬೇಯಿಸಿ ಹಾಕ್ದೆ. ಯುಗಾದಿಗೆ ಊರಿಗೋಗು ಶಾಂತಲಾ, ಹೇಳಿ ಕಳಿಸ್ತೀನಿ ಅಂದ್ಳು. ಕಳಿಸಿದ್ಳಾ? ದಸರಾ ಬಂತು. ಎಸ್‌ಟಿಡಿ ಬೂತಿಗೆ ಒಂದು ಫೋನಾದ್ರೂ ಬಂತಾ? ಮರ್ತೇಬುಟ್ಳು ಕಣೆ! ಗಂಡ ಸತ್ತೋಳ್ನ ಮನೇಲಿ ಇಟ್ಕಂಡಿರೋಳು ಯಾರು? ನಿನ್ನಕ್ಕ, ಈ ಶಿವನಂಜಮ್ಮ. ನೀನು ನೋಡಿದ್ರೆ ಬಸ್ಸು ಹಾರನ್ ಹೊಡೆದ್ರೆ ಸಾಕು, ಬಾಗ್ಲಿಗೆ ಓಡ್ತೀಯ.

ಕಾವ್ಯಶ್ರೀ ಪಾಸ್ತಾ ಕೇಳಿದ್ಳು ಅಂತಾನಾ? ನನ್ನ ಮಗಳ ನಾಲ್ಗೆ ಕೆಡಸ್ಬೇಡ. ನಾಳೆ ಮುದ್ದೆ ಮುಂದೆ ಕೂತ್ರೆ ಮೂತಿ ತಿರುಗಿಸ್ತಾಳೆ.

ಆ ಚೀಸು! ಬಟ್ಟೆ ಸೋಪು ತುರಿದಂಗೈತೆ. ಎಷ್ಟು ಉದುರಿಸ್ತೀಯ? ಇದ್ನ ಹೇಳ್ಕೊಟ್ಟೋಳಿಗೇ ಈಗ ಗತಿಯಿಲ್ಲ. ಬಲಗೈ ಮುರಕಂಡು ಕತ್ತಿಗೆ ತೂಗಾಕಂಡವ್ಳೆ, ಇನ್ನೆಲ್ಲಿ ತುರೀತಾಳೆ…

ಯಾಕೆ? ಯಾಕೆ ನಿಲ್ಲಿಸ್ದೆ?

ಯಾರೋ ಹೇಳಿದ್ರು. ಸಂತೇಲಿ… ಚಿಕ್ಕಬೀರಮ್ಮ ಹೇಳಿದ್ಳು. ಅಂಗ್ಯಾಕೆ ನೋಡ್ತೀಯ? ಹೂಂ, ಚಿಕ್ಕಬೀರಮ್ಮಂಗೆ ಕಣ್ಣು ಕಾಣಕಿಲ್ಲ, ನಂಗೇನು ಗೊತ್ತಿಲ್ವಾ! ಇನ್ಯಾರೋ…

ಎದ್ದೆಲ್ಲಿಗೆ ಹೊಂಟೆ? ಕೂತ್ಕಳಮ್ಮಿ. ಬೈಯೋದಾದ್ರೆ ಬೈಯಿ.

…ನಿನ್ನ ಡೋಲ್ಮಾ ಅಮ್ಮನೇ ಬಂದಿದ್ಳು. ಆಯ್ತಾ? ಹೋದ ತಿಂಗಳು. ನೀನು ಹೊಗೆಸೊಪ್ಪು ಕಟ್ಟಕ್ಕೋಗಿದ್ದೆ. ಆ ಜಗಲಿ ಮೇಲೇ ಕೂತ್ಕಂಡು ಎಡಗೈಲಿ ಕಾಫಿ ಕುಡುದ್ಳು. 'ಶಾಂತಲಾನ ಕಳಿಸಿ, ಇನ್ಮೇಲೆ ಅಡುಗೆಮನೆ ಅವಳದೇ' ಅಂದ್ಳು. ನಂಗೆ ಈ ಮಂಡಿನೋವು… ಹಸ ಕರೆಯೋದು, ಒಲೆ ಮುಂದೆ ಕೂರೋದು, ನೀನಿಲ್ದೆ ನಾನೊಬ್ಳೇ… ಶಾಂತಲಂಗೆ ಇನ್ನೊಂದು ಮದ್ವೆ ಆಯ್ತು ಅಂದ್ಬುಟ್ಟೆ. ಬಾಯಿಗೆ ಬಂದಿದ್ದೇ ಅದು! ಕೆ.ಆರ್. ನಗರದ ಕಡೆಯೋನು, ಒಳ್ಳೆ ಗಂಡು ಅಂದೆ. ಅವಳು ಕಣ್ಣಲ್ಲಿ ನೀರು ತಂದ್ಕಂಡು… ಖುಷಿ ಪಟ್ಳು ಕಣೆ. ಭಾಳ ಖುಷಿ ಪಟ್ಳು.

ಅದಾದ ವಾರಕ್ಕೆ ಬಸ್ ಕಂಡಕ್ಟರ್ ಕೈಲಿ ಸೀರೆ ಕಳಿಸಿದ್ಳು. ಮದ್ವೆ ಉಡುಗೊರೆ ಅಂತ, ನಿಂಗೆ. ಟ್ರಂಕಲ್ಲೈತೆ.

ನಾನು ಉಟ್ಟಿಲ್ಲ, ಶಾಂತಲಾ. ದೇವ್ರಾಣೆ… ಒಂದ್ಸಲ ಮಡಿಕೆ ಬಿಚ್ಚಿ ನೋಡ್ದೆ, ಅಷ್ಟೇ.